ನೋಡುಗರು ಯಾವ ಪೇಜಿನಲ್ಲಿದ್ದಾರೆ ಅಂತ ಕೋಡಿನಲ್ಲಿ ಹಿಡಿಯುವುದು

ಮಂಗಳೂರಿನ ಒಂದು ಮೀನೂಟದ ಹೋಟೆಲಿಗೆ ಸೈಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಗಿರಾಕಿ '/ಊಟ' ಪೇಜಿಗೆ ಬಂದಾಗ ಮೇಲಿನ ಮೆನುವಿನಲ್ಲಿ 'ಊಟ' ಮಾತ್ರ ಬಣ್ಣದಲ್ಲಿ ಕಾಣಬೇಕು.

ಪೇಜಿನ ಟೈಟಲ್ ನೋಡಿ ಹೋಲಿಸಬೇಡಿ, ನಾಳೆ ಹೋಟೆಲಿನವರು ಟೈಟಲ್ ಬದಲಿಸಿ ಅಂದರೆ ಎಲ್ಲಾ ಕೆಟ್ಟಿತು. ಇಡೀ ಯುಆರ್‌ಎಲ್ ಕೂಡ ಬೇಡ. ಫೇಸ್‌ಬುಕ್ಕಿನಿಂದ ಬಂದ ಲಿಂಕಿನ ಬಾಲಕ್ಕೆ ಪ್ರಶ್ನೆ ಚಿಹ್ನೆ, ಅದರ ಹಿಂದೆ ಏನೇನೋ ಅಂಟಿಕೊಂಡಿರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ 'ಲೊಕೇಶನ್.ಪಾತ್‌ನೇಮ್' (ವಿಳಾಸದಲ್ಲಿ ಸೈಟಿನ ಹೆಸರಿನ ನಂತರ ಬರುವ ಭಾಗ) ತಗೊಳ್ಳಿ, ಆ ಬಾಲ ಅದರಲ್ಲಿ ಇರುವುದಿಲ್ಲ.

ಆದರೂ '/ಊಟ' ಅಂತ ನೇರವಾಗಿ ಹೋಲಿಸಿದರೆ ಹೊಂದುವುದೇ ಇಲ್ಲ! ಯಾಕೆಂದರೆ ಕನ್ನಡ ವಿಳಾಸವನ್ನು ಬ್ರೌಸರ್ ಶೇಕಡಾ ಚಿಹ್ನೆಗಳ ಸರಮಾಲೆ ಮಾಡಿ ಕೊಡುತ್ತದೆ: 'ಊ', 'ಟ' ಎರಡೂ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ತಲಾ 3 ಬೈಟ್, ಪ್ರತಿ ಬೈಟಿಗೆ % ಸೇರಿ 3 ಅಕ್ಷರ, ಒಟ್ಟು 18. ಮೊದಲು 'ಡಿಕೋಡ್‌ಯುಆರ್‌ಐಕಾಂಪೊನೆಂಟ್' ಫಂಕ್ಷನ್‌ಗೆ ಕೊಟ್ಟು ಬಿಡಿಸಿ, ಕೊನೆಯಲ್ಲಿ ಸ್ಲ್ಯಾಶ್ ಇದ್ದರೆ ಕಿತ್ತುಹಾಕಿ, ಆಮೇಲೆ ಹೋಲಿಸಿ.

'/ಊಟ/ಬಂಗುಡೆ' ಪೇಜಿನಲ್ಲೂ 'ಊಟ'ಕ್ಕೇ ಬಣ್ಣ ಬರಬೇಕು, ಅಲ್ವಾ? ಸುಮ್ನೆ 'ಸ್ಟಾರ್ಟ್ಸ್‌ವಿತ್' ಹಾಕಿ '/ಊಟ' ಅಂತ ಕೊಟ್ಟರೆ '/ಊಟದ-ಪಾರ್ಸೆಲ್' ಕೂಡ ಸಿಕ್ಕಿಬೀಳುತ್ತದೆ. ಹಾಗಾಗಿ ವಿಳಾಸ ಪೂರ್ತಿ '/ಊಟ' ಆಗಿರಬೇಕು, ಇಲ್ಲವೇ '/ಊಟ/' ಅಂತ ಶುರುವಾಗಬೇಕು. ಆ ಕೊನೆಯ ಸ್ಲ್ಯಾಶ್ ಮರೆಯಬೇಡಿ.

ಸರಿಹೊಂದಿದ ಲಿಂಕಿಗೆ ಬಣ್ಣದ ಜೊತೆ, 'ಈಗ ಇರುವುದು ಇಲ್ಲೇ' ಎಂದು ಸೂಚಿಸುವ 'ಏರಿಯಾ-ಕರೆಂಟ್' ಕೂಡ ಹಾಕಿ. ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುವವರಿಗೆ ಬಣ್ಣದಿಂದ ಏನುಪಯೋಗ? ರೂಬಿ ಭಾಷೆಯ ಫ್ರೇಮ್‌ವರ್ಕ್ ರೈಲ್ಸ್‌ನವರಿಗೆ ಇಷ್ಟು ಕಷ್ಟ ಇಲ್ಲ, 'ಕರೆಂಟ್_ಪೇಜ್?' ಹೆಲ್ಪರ್ ರೆಡಿ ಇದೆ; ಆದರೆ ಅದು ಅದೇ ಪೇಜನ್ನು ಮಾತ್ರ ಹಿಡಿಯುತ್ತದೆ, ಒಳಪೇಜುಗಳನ್ನಲ್ಲ. ರಿಯಾಕ್ಟ್ ಥರದ ಜಾವಾಸ್ಕ್ರಿಪ್ಟ್ ಲೈಬ್ರರಿಗಳಲ್ಲಿ ಲಿಂಕ್ ಒತ್ತಿದರೆ ಪೇಜ್ ಪೂರ್ತಿ ಲೋಡ್ ಆಗುವುದಿಲ್ಲ, ಅಲ್ಲಿ ರೂಟ್ (ಪೇಜಿನ ವಿಳಾಸ) ಬದಲಾದಾಗಲೆಲ್ಲ ಈ ಚೆಕ್ ಮತ್ತೆ ಓಡಬೇಕು.