ಗುಂಪಾಗಿ ಓಡುವವರೇ, ಹೋಗುವಾಗ ಕೈ ಖಾಲಿ ಇರಲಿ

ಭಾನುವಾರದ ಓಟದ ಜೊತೆ ಕಸ ಹೆಕ್ಕುವ ಕೆಲಸ ಸೇರಿಸಬೇಕು ಅಂತ ಇದ್ದೀರಾ? ತುಂಬಾ ಒಳ್ಳೆಯದು. ಸ್ವೀಡನ್‌ನಲ್ಲಿ 2016ರಲ್ಲಿ ಶುರುವಾದ ಈ ರೂಢಿಗೆ ಪ್ಲಾಗಿಂಗ್ ಅಂತಾರೆ.

ಓಡುತ್ತಲೇ ಹೆಕ್ಕಲು ಹೋದರೆ ಎರಡೂ ಸರಿಯಾಗಿ ಆಗುವುದಿಲ್ಲ. ನಾವು ಹೀಗೆ ಮಾಡುತ್ತೇವೆ: ಮೊದಲು ಎರಡು ಮೂರು ಕಿಲೋಮೀಟರ್ ಬರಿಗೈಲಿ ಓಡಿ ಜಾಗ ತಲುಪುವುದು, ಅಲ್ಲಿ ಮುಕ್ಕಾಲು ಗಂಟೆ ಕೆಲಸ, ಆಮೇಲೆ ನಿಧಾನವಾಗಿ ಓಡಿ ವಾಪಸ್. ಚೀಲ, ಕೈಗವಸು, ನೀರಿನ ಕ್ಯಾನ್ ಒಬ್ಬರು ಸ್ಕೂಟರ್‌ನಲ್ಲಿ ತರುತ್ತಾರೆ. ಓಡಲು ಆಗದ ಹಿರಿಯರಿಗೂ ಇದರಿಂದ ಒಂದು ಪಾಲು ಸಿಗುತ್ತದೆ, ಅಲ್ವಾ?

ಹಿಂದಿನ ದಿನವೇ ಆ ಬೀದಿಯ ಪೌರಕಾರ್ಮಿಕರನ್ನು ಮಾತಾಡಿಸಿ. ಕಸದ ಆಟೋ ಎಷ್ಟು ಹೊತ್ತಿಗೆ ಬರುತ್ತದೆ, ಚೀಲ ಎಲ್ಲಿಡಬೇಕು ಅಂತ ಕೇಳಿ. ಇದನ್ನು ಬಿಟ್ಟರೆ ನೀವು ತುಂಬಿಟ್ಟ ಚೀಲವನ್ನು ಸಂಜೆಯೊಳಗೆ ನಾಯಿಗಳು ಹರಿದು ಹಾಕುತ್ತವೆ. ನಮಗೆ ಮೊದಲ ವಾರ ಹಾಗೇ ಆಯಿತು, ತುಂಬಾ ಬೇಜಾರಾಯಿತು.

ಗಾಜಿನ ಚೂರನ್ನು ಚೀಲಕ್ಕೆ ಹಾಕಲೇಬೇಡಿ. ಅದಕ್ಕೆ ಬೇರೆ ಹಳೇ ಡಬ್ಬ ಇರಲಿ. ಇಲ್ಲದಿದ್ದರೆ ಚೀಲ ಎತ್ತುವವರ ಕೈ ಕುಯ್ಯುತ್ತದೆ. ಬಗ್ಗುವಾಗ ಸೊಂಟ ಅಲ್ಲ, ಮೊಣಕಾಲು ಮಡಚಿ.

ಮಾರ್ಚ್, ಏಪ್ರಿಲ್‌ನಲ್ಲಿ ಕಸದ ಬದಲು ರಸ್ತೆ ಬದಿಯ ಸಣ್ಣ ಗಿಡಗಳಿಗೆ ನೀರು ಹಾಕಿ. ಮಳೆಗಾಲದಲ್ಲಿ ನೆಟ್ಟ ಎಷ್ಟೋ ಸಸಿಗಳು ಆಗಲೇ ಒಣಗುವುದು.