ಇಂಜಿನ್ ಮುಂದೋ, ಹಿಂದೋ: ಪುಣೆಯ ಗ್ಯಾರೇಜಿನಲ್ಲಿ ನನ್ನ ಅನುಭವ

ಸೊಲ್ಲಾಪುರದ ಮೇಲೆ ವಿಜಯಪುರ, ಕಲಬುರಗಿಗೆ ಹೋಗುವ ನಾನ್ ಎಸಿ ಸ್ಲೀಪರ್‌ಗಳು, ಮುಂಬೈ–ಬೆಂಗಳೂರು ಎಸಿ ಕೋಚ್‌ಗಳು, ಚಾಕಣದ ಕಾರ್ಖಾನೆಗಳ ಸ್ಟಾಫ್ ಬಸ್ಸುಗಳು, ಮೂರೂ ನನ್ನ ಕೈಗೆ ಬರುತ್ತವೆ. ಕೂತು ಹೋಗುವವರಿಗೆ ಹಿಂದಿನ ಇಂಜಿನ್ ಮೇಲು, ಅದರಲ್ಲಿ ವಾದವಿಲ್ಲ. 2001ರಲ್ಲಿ ಹಿಂದೆ ಇಂಜಿನ್ ಇರುವ ವೋಲ್ವೋ ಬಿ7ಆರ್ ಬಸ್ ಬಂದ ಮೇಲೆ ದೂರದ ಪ್ರಯಾಣದ ರುಚಿಯೇ ಬದಲಾಯಿತು. ಆದರೆ ಬಸ್ ಇಟ್ಟುಕೊಂಡು ನಡೆಸುವವರು ನೋಡಬೇಕಾದದ್ದು ಬೇರೆ: ಇಂಜಿನ್‌ಗೆ ಗಾಳಿ ಎಲ್ಲಿಂದ ಸಿಗುತ್ತದೆ, ಅದರ ಸದ್ದು ಯಾರಿಗೆ ಕೇಳಿಸುತ್ತದೆ.

ಅಶೋಕ್ ಲೇಲ್ಯಾಂಡ್ ವೈಕಿಂಗ್‌ನಂಥ ಮುಂದಿನ ಇಂಜಿನ್ ಬಸ್ಸಿನಲ್ಲಿ ರೇಡಿಯೇಟರ್, ಅಂದರೆ ಇಂಜಿನ್ನಿನ ಕೂಲಂಟ್ ತಣಿಸುವ ಜಾಲರಿ, ಎದುರುಗಾಳಿಗೇ ಇರುತ್ತದೆ. ಬೆಲ್ಟ್ ಕಿರುಗುಟ್ಟಿದರೂ, ಕೂಲಂಟ್ ಸೋರಿ ವಾಸನೆ ಬಂದರೂ ಡ್ರೈವರ್‌ಗೆ ಮೊದಲು ಗೊತ್ತಾಗುತ್ತದೆ. ಇದಕ್ಕೆ ಬೆಲೆಯಾಗಿ ಅವನ ಎಡಗಾಲು ಬೇಯುತ್ತದೆ. ಡ್ರೈವರ್ ಪಕ್ಕದಲ್ಲಿ ಇಂಜಿನ್ ಮುಚ್ಚುವ ಬಾನೆಟ್ ಒಳಗಿನ ಶಾಖತಡೆ ಹಾಳೆ ಹರಿದಿದ್ದರೆ, ಅಂಚಿನ ರಬ್ಬರ್ ಸವೆದಿದ್ದರೆ ಎರಡನ್ನೂ ಬದಲಿಸಿಬಿಡಿ. ಫ್ಯಾನ್ ಹಾಕಿಕೊಟ್ಟು ಸಮಾಧಾನ ಮಾಡುವುದು ಕೆಲಸವಲ್ಲ.

ಈ ಬಸ್ಸಿನ ನಿಜವಾದ ತಲೆನೋವು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದದ ತಿರುಗುಕೊಳವೆ. 12 ಮೀಟರ್ ಉದ್ದದ ಬಸ್ಸಿನಲ್ಲಿ ಅದು ಸಾಮಾನ್ಯವಾಗಿ ಮೂರು ತುಂಡು, ಅದನ್ನು ನಡುವೆ ಹಿಡಿದು ನಿಲ್ಲಿಸಲು ಎರಡು ಸೆಂಟರ್ ಬೇರಿಂಗ್. "ಗಾಡಿ ನಡುಗ್ತೈತ್ರೀ" ಎಂದು ಡ್ರೈವರ್ ಬಂದರೆ ಮೊದಲು ನಿಂತಲ್ಲೇ ರೇಸ್ ಕೊಡಿಸುತ್ತೇನೆ. ಆಗಲೂ ನಡುಗಿದರೆ ತಪ್ಪು ಇಂಜಿನ್ ಮೌಂಟಿಂಗಿನದು, ಅಂದರೆ ಇಂಜಿನ್ ಕೂರುವ ರಬ್ಬರ್ ಆಸರೆಯದು. ನಿಂತಾಗ ಇಲ್ಲದೆ, ಯಾವ ಗೇರಿನಲ್ಲಿದ್ದರೂ ಒಂದೇ ವೇಗಕ್ಕೆ ಬಂದಾಗ ನಡುಕ ಶುರುವಾದರೆ ಶಾಫ್ಟ್ ಕಡೆ ನೋಡಬೇಕು. ಸ್ಟೀರಿಂಗ್ ಮಾತ್ರ ಅಲುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸ್. ಹೊರಡುವಾಗ ಧಡ್ ಎಂದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿರಬಹುದು, ಇಲ್ಲವೇ ಶಾಫ್ಟ್ ತುಂಡುಗಳನ್ನು ಜೋಡಿಸುವ ಕೂಡಿಕೆಯ ಕ್ರಾಸ್ (ನಾಲ್ಕು ತೋಳಿನ ತುಂಡು, ತೋಳಿಗೊಂದು ಕಪ್) ಸವೆದಿರಬಹುದು. ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಲ್ಲಿ ತಿರುವಿ ಅಲುಗಾಡಿಸಿದರೆ ಯಾವುದೆಂದು ತಿಳಿಯುತ್ತದೆ. ಗ್ರೀಸ್ ಹೊಡೆಯುವಾಗ ಕ್ರಾಸಿನ ನಾಲ್ಕೂ ಕಪ್‌ಗಳಿಂದ ಹಳೆಯ ಗ್ರೀಸ್ ಹೊರಬರಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಕಪ್ಪಿನೊಳಗೆ ಸೂಜಿ ಬೇರಿಂಗ್ ಒಣಗಿದೆ, ಬಿಚ್ಚಲೇಬೇಕು. ಬಿಚ್ಚುವ ಮೊದಲು ಸ್ಲಿಪ್ ಜಾಯಿಂಟಿನ (ಶಾಫ್ಟ್ ಹಿಂದೆಮುಂದೆ ಜಾರುವ ಹಲ್ಲಿನ ಕೂಡಿಕೆ) ಎರಡೂ ಕಡೆ ಗುರುತು ಹಾಕಿಕೊಳ್ಳಿ. ಒಂದು ಹಲ್ಲು ಆಚೀಚೆ ಕೂತರೂ ಎರಡು ತುದಿಯ ಯೋಕ್‌ಗಳ, ಅಂದರೆ ಕ್ರಾಸ್ ಹಿಡಿಯುವ ಕವಲುಗಳ, ಹೊಂದಿಕೆ ತಪ್ಪುತ್ತದೆ, ಹೊಸ ಕ್ರಾಸ್ ಹಾಕಿದರೂ ನಡುಕ ಹೋಗುವುದಿಲ್ಲ. ಶಾಫ್ಟ್ ಕೆಳಗಿನ ಗಾರ್ಡ್ ಪಟ್ಟಿಯನ್ನು ಎಷ್ಟೋ ಜನ ಮರಳಿ ಕಟ್ಟುವುದೇ ಇಲ್ಲ. ಮುಂದಿನ ಜಾಯಿಂಟ್ ಮುರಿದರೆ ಶಾಫ್ಟ್ ರಸ್ತೆಗೆ ನಾಟಿಕೊಳ್ಳದಂತೆ ತಡೆಯುವುದು ಅದೊಂದೇ.

ಈ ಶಾಫ್ಟ್‌ನಿಂದಾಗಿಯೇ ಮುಂದಿನ ಇಂಜಿನ್ ಬಸ್ಸಿನ ಡಿಕ್ಕಿ ನಡುವೆ ಕಡಿದುಹೋಗುತ್ತದೆ. ನಗರ ಬಸ್ಸಿನಲ್ಲಿ 400 ಮಿಲಿಮೀಟರ್ ಎತ್ತರದ ನೆಲ ಬೇಕೆಂದರೂ ಇಂಜಿನ್ ಹಿಂದೆ ಹೋಗಲೇಬೇಕು.

ಹಿಂದಿನ ಇಂಜಿನ್ನಿಗೆ ಎದುರುಗಾಳಿ ಇಲ್ಲ. ರೇಡಿಯೇಟರ್ ಬಸ್ಸಿನ ಹಿಂಬದಿಯ ಪಕ್ಕದಲ್ಲಿ ಕೂತು, ಹಿಂದಿನ ಚಕ್ರ ಎಬ್ಬಿಸಿದ ದೂಳನ್ನೇ ಎಳೆದುಕೊಳ್ಳುತ್ತದೆ. ಆ ದೂಳು ಎಣ್ಣೆಯ ಆವಿಯೊಡನೆ ಸೇರಿ ಇಂಟರ್‌ಕೂಲರ್ (ಇಂಜಿನ್ನಿಗೆ ಹೋಗುವ ಗಾಳಿ ತಣಿಸುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ. ಹೊರಗಿನಿಂದ ನೋಡಿದರೆ ಸ್ವಚ್ಛ, ಖೋಪೋಲಿ ದಾಟಿ ಬೋರ್ ಘಾಟ್ ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ತೊಳೆಯುವ ಕ್ರಮ ಹೀಗೆ: ಇಂಜಿನ್ ತಣ್ಣಗಾದ ಮೇಲೆ ಎರಡರ ನಡುವಿನ ಮುಚ್ಚಳಪಟ್ಟಿ ಬಿಚ್ಚಿ, ಫ್ಯಾನ್ ಕಡೆಯಿಂದ ಹೊರಕ್ಕೆ, ಅಂದರೆ ಗಾಳಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಮೊದಲು ಒಣ ಗಾಳಿ ಹೊಡೆಯಬೇಕು. ನೀರು ಆಮೇಲೆ. ಮೊದಲೇ ನೀರು ಬಿಟ್ಟರೆ ದೂಳು ಕೆಸರಾಗಿ ಒಳಗೇ ಗಟ್ಟಿಯಾಗುತ್ತದೆ. ವಾಷಿಂಗ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ದಾರಿ ಮುಚ್ಚುತ್ತವೆ. ಕೊನೆಗೆ ಸುತ್ತಲಿನ ರಬ್ಬರ್ ಪಟ್ಟಿ ನೋಡಿ. ಅದು ಕಿತ್ತಿದ್ದರೆ ಇಂಜಿನ್ ಕೋಣೆಯ ಬಿಸಿ ಗಾಳಿಯೇ ಮತ್ತೆ ರೇಡಿಯೇಟರಿಗೆ ಸುತ್ತಿ ಬರುತ್ತದೆ. ಫ್ಯಾನ್ ಹೈಡ್ರಾಲಿಕ್ ಮೋಟರಿನದಾದರೆ ಅದರ ಎಣ್ಣೆಯ ಮಟ್ಟವನ್ನೂ ನೋಡಬೇಕು. ಎಣ್ಣೆ ಇಳಿದರೆ ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಸಾಲುವುದಿಲ್ಲ.

ಗೇರ್ ಗಟ್ಟಿ ಎಂಬ ದೂರಿಗೆ ನೇರವಾಗಿ ಗೇರ್ ಬಾಕ್ಸ್ ಇಳಿಸಬೇಡಿ. ಕೇಬಲ್ ಎಳೆದು ಗೇರ್ ಬದಲಿಸುವ ಹಿಂದಿನ ಇಂಜಿನ್ ಬಸ್ಸಿನಲ್ಲಿ ಲಿವರ್‌ನಿಂದ ಹಿಂದಿನವರೆಗೆ ಉದ್ದದ ಎರಡು ಕೇಬಲ್ ಹೋಗಿರುತ್ತವೆ. ಗೇರ್ ಬಾಕ್ಸ್ ತುದಿಯಲ್ಲಿ ಎರಡನ್ನೂ ಕಳಚಿ ಲಿವರ್ ಆಡಿಸಿ. ಆಗಲೂ ಬಿಗಿಯಿದ್ದರೆ ತಪ್ಪು ಕೇಬಲ್ಲಿನದು: ತುದಿಯ ರಬ್ಬರ್ ಹರಿದು ಕೊಂಕಣದ ಮಳೆನೀರು ಒಳಹೊಕ್ಕು ತುಕ್ಕು ಹಿಡಿದಿರುತ್ತದೆ, ಇಲ್ಲವೇ ಕ್ಲಿಪ್ ಬಿಟ್ಟು ಎಲ್ಲೋ ಚೂಪಾಗಿ ಬಾಗಿರುತ್ತದೆ.

ಮಳೆಯಲ್ಲಿ ಘಾಟ್ ಹತ್ತುವಾಗ ಹಿಂದಿನ ಇಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೇ ಕೂರುವುದು ಲಾಭ. ಆದರೆ ಆ ಬಸ್ಸಿನ ಬಾಲ ಉದ್ದ. ನಿಯಮದ ಪ್ರಕಾರ ಹಿಂದಿನ ಚಾಚು, ಅಂದರೆ ಹಿಂದಿನ ಅಚ್ಚಿನಿಂದ ಬಾಲದ ತುದಿಯವರೆಗಿನ ಉದ್ದ, ವೀಲ್‌ಬೇಸಿನ (ಮುಂದಿನ, ಹಿಂದಿನ ಅಚ್ಚುಗಳ ನಡುವಿನ ದೂರ) ಶೇ. 60 ದಾಟುವಂತಿಲ್ಲ, ಅಷ್ಟಿದ್ದರೂ ಚೋರ್ಲಾ ಘಾಟಿನ ತಿರುವುಗಳಲ್ಲಿ ಬಾಲ ಬೀಸುತ್ತದೆ, ಕಡಿದಾದ ಏರಿನ ಬುಡದಲ್ಲಿ ಕೆಳಭಾಗ ತಗುಲುತ್ತದೆ. ಚಾಕಣದ ಗುಂಡಿ ರಸ್ತೆಗೆ, ದಾರಿಯಲ್ಲಿ ಕೆಟ್ಟರೆ ಊರ ಮೇಸ್ತ್ರಿಯನ್ನೇ ನಂಬಬೇಕಾದ ಕಲಬುರಗಿ ಕಡೆಗೆ ನಾನು ಮುಂದಿನ ಇಂಜಿನ್ನನ್ನೇ ಹೇಳುತ್ತೇನೆ. ಮುಂಬೈ–ಬೆಂಗಳೂರಿಗೆ ಹಿಂದಿನದು.

ಹಿಂದಿನ ಇಂಜಿನ್ ಬಸ್ಸಿನಲ್ಲಿ ಒಂದು ವಾರವೂ ತಪ್ಪಿಸಬಾರದ ತಪಾಸಣೆ ಬೆಂಕಿಯದು. ಅಲ್ಲಿ ಹೊತ್ತಿಕೊಂಡರೆ ಡ್ರೈವರ್‌ಗಿಂತ ಮೊದಲು ಹಿಂದಿನ ಗಾಡಿಯವನಿಗೆ ಕಾಣುತ್ತದೆ. ಟರ್ಬೋ ಹತ್ತಿರದ ಡೀಸೆಲ್ ರಿಟರ್ನ್ ಪೈಪು, ಫ್ಯಾನಿನ ಹೈಡ್ರಾಲಿಕ್ ಹೋಸು, ಸ್ಟಾರ್ಟರಿನ ದಪ್ಪ ಕೇಬಲ್ಲು, ಇವು ಲೋಹಕ್ಕೆ ಎಲ್ಲಿ ಉಜ್ಜುತ್ತಿವೆ ಎಂದು ಟಾರ್ಚ್ ಹಿಡಿದು, ಬೆರಳಲ್ಲಿ ಸವರಿ ನೋಡಬೇಕು. ಬಿಟ್ಟ ಕ್ಲಿಪ್ ಜಾಗಕ್ಕೆ ತಂತಿ ಸುತ್ತಬಾರದು, ರಬ್ಬರ್ ಇರುವ ಕ್ಲಿಪ್ಪನ್ನೇ ಹಾಕಬೇಕು. ಎಣ್ಣೆ ಕುಡಿದ ಶಬ್ದತಡೆ ಫೋಮನ್ನು ತೊಳೆದು ಮತ್ತೆ ಅಂಟಿಸಬೇಡಿ, ಬಿಸಾಡಿ. ಎಐಎಸ್-135 ಎಂಬ ವಾಹನ ಮಾನದಂಡದಂತೆ ಇಂಜಿನ್ ಕೋಣೆಯಲ್ಲಿ ಬೆಂಕಿ ನಂದಿಸುವ ವ್ಯವಸ್ಥೆ ಇದ್ದರೆ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಬೆಂಕಿಯ ಎಚ್ಚರಿಕೆ ಕೊಡುವ ಡ್ಯಾಶ್‌ಬೋರ್ಡಿನ ಬಜರ್ ಕಿರಿಕಿರಿ ಎಂದು ಯಾರಾದರೂ ಅದರ ವೈರ್ ಕಳಚಿಟ್ಟಿದ್ದರೆ ಆ ಗಾಡಿಯನ್ನು ರೂಟಿಗೆ ಬಿಡಬೇಡಿ.