ಆಸಿಲೇಟರ್ ಅಲುಗದೆ ನಿಂತದ್ದು ಕಾಯಿಲ್ ಬದಲಿಸಿದ ಮೇಲೆ

ಆಸಿಲೇಟರ್ ಜಾರುವುದಕ್ಕೆ ಕಾಯಿಲ್‌ನ ರೆಸಿಸ್ಟೆನ್ಸ್ (ಆರ್) ಕಾರಣ ಅಂದಾಗ, "ಫ್ರೀಕ್ವೆನ್ಸಿಯ ಸೂತ್ರದಲ್ಲಿ ಇಂಡಕ್ಟನ್ಸ್ ಎಲ್ ಇದೆ, ಕೆಪ್ಯಾಸಿಟನ್ಸ್ ಸಿ ಇದೆ. ಆರ್ ಎಲ್ಲಿದೆ ತೋರಿಸು" ಅಂತ ಕೇಳಿದವರೇ ಜಾಸ್ತಿ. ಈಗ ನನ್ನ 7 ಮೆಗಾಹರ್ಟ್ಸ್ ಕಾಲ್ಪಿಟ್ಸ್ ಆಸಿಲೇಟರ್ (ಒಂದೇ ಫ್ರೀಕ್ವೆನ್ಸಿಯ ಅಲೆ ಹುಟ್ಟಿಸುವ ಸರ್ಕ್ಯೂಟ್) ಬಿಸಿಯಾದ ಮೇಲೆ ಗಂಟೆಗೆ ನೂರು ಹರ್ಟ್ಸ್ ಕೂಡ ಜಾರುವುದಿಲ್ಲ.

ಮೊದಲು ಹಾಕಿದ್ದು ರೆಸಿಸ್ಟರ್ ತರಹ ಕಾಣುವ ರೆಡಿಮೇಡ್ ಕಾಯಿಲ್, ಅಂದರೆ ಚೋಕ್, ಹತ್ತಿರಹತ್ತಿರ 4 ಮೈಕ್ರೋಹೆನ್ರಿ. ಕೆಪ್ಯಾಸಿಟರ್ ಎಲ್ಲಾ ಬಿಸಿಗೆ ಅಷ್ಟಾಗಿ ಬದಲಾಗದ ಎನ್‌ಪಿಓ ಬಗೆಯವು. ಆದರೂ ಕೆಲವು ಸಲ ಶುರುವೇ ಆಗುತ್ತಿರಲಿಲ್ಲ. ಶುರುವಾದರೆ, ಸಪ್ಲೈ ಸ್ವಲ್ಪ ಅಲುಗಿದರೂ ಫ್ರೀಕ್ವೆನ್ಸಿ ಓಡುತ್ತಿತ್ತು. ಗೆಳೆಯರೆಲ್ಲ ಟ್ರಾನ್ಸಿಸ್ಟರನ್ನೇ ಬೈದರು. ದುಬಾರಿ ಎಫ್‌ಇಟಿಗಳನ್ನು (ಒಂದು ಬಗೆಯ ಟ್ರಾನ್ಸಿಸ್ಟರ್) ತರಿಸಿದೆ, ಕರೆಂಟ್ ಏರಿಸಿದೆ. ಶುರುವಾಗುವುದು ಸರಿಹೋಯಿತು, ಜಾರುವುದು ಹೋಗಲಿಲ್ಲ. ಅಷ್ಟೂ ದುಡ್ಡು ಡಬ್ಬಿಯಲ್ಲಿ ಕೂತಿದೆ.

ಮಲ್ಟಿಮೀಟರ್ ಪ್ರಕಾರ ಚೋಕ್ ಅರ್ಧ ಓಮ್. ಅದು ಡಿಸಿ ಲೆಕ್ಕ, ನಂಬಬೇಡಿ. 7 ಮೆಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯ 0.025 ಮಿ.ಮೀ. ಆಸುಪಾಸಿನಲ್ಲೇ ಹರಿಯುತ್ತದೆ, ಮೇಲೆ ಕೋರ್ ನಷ್ಟ ಬೇರೆ. ನಾನು ಟ್ಯಾಂಕ್‌ಗೆ (ಕಾಯಿಲ್, ಕೆಪ್ಯಾಸಿಟರ್ ಜೋಡಿ) ಒಂದೆರಡು ಪಿಕೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ಚೂಪಾದ ಪಲ್ಸ್ ಕೊಟ್ಟು, ಅಲೆ ಅರ್ಧಕ್ಕೆ ಇಳಿಯುವಷ್ಟರಲ್ಲಿ ಎಷ್ಟು ಸೈಕಲ್ ಆಯಿತು ಅಂತ ಆಸಿಲೋಸ್ಕೋಪ್‌ನಲ್ಲಿ ಎಣಿಸಿದೆ. ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ ಕ್ಯೂ ಸಿಗುತ್ತದೆ, ಅದು ಹೆಚ್ಚಿದ್ದಷ್ಟೂ ನಷ್ಟ ಕಡಿಮೆ. ಪ್ರೋಬ್ ನೇರ ಮುಟ್ಟಿಸಿದರೆ ಅದೇ ಟ್ಯಾಂಕ್ ಮೇಲೆ ಲೋಡ್ ಆಗುತ್ತದೆ, ಮುಟ್ಟಿಸದೆ ಪಕ್ಕದಲ್ಲಿಡುವ ತಂತಿಯ ಸುತ್ತು, ಅಂದರೆ ಪಿಕಪ್ ಲೂಪ್ ಬೇಕು. ಲೂಪ್ ಎಲ್ಲಿ, ಯಾವ ಕೋನದಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ!

ಚೋಕ್‌ಗೆ ಸಿಕ್ಕಿದ್ದು ಒಂಬತ್ತು ಸೈಕಲ್. ಕ್ಯೂ 40, ಅಂದರೆ ನಿಜವಾದ ರೆಸಿಸ್ಟೆನ್ಸ್ 4 ಓಮ್ ದಾಟಿತ್ತು. ಹಳದಿ ಟಿ50-6 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ ಅರ್ಧ ಮಿ.ಮೀ. ಎನಾಮಲ್ ತಂತಿ 32 ಸುತ್ತು ಸುತ್ತಿದೆ. ಕ್ಯೂ 160ರ ಹತ್ತಿರ, ಸುಮಾರು 1 ಓಮ್. ಖರ್ಚು ಒಂದು ಎಫ್‌ಇಟಿಗಿಂತ ಕಡಿಮೆ.

ಆರ್ ನೇರವಾಗಿ ಫ್ರೀಕ್ವೆನ್ಸಿ ಕದಲಿಸುವುದು ಕಡಿಮೆಯೇ. ಕ್ಯೂ 40 ಇದ್ದಾಗಲೂ ಎರಡು ಕಿಲೋಹರ್ಟ್ಸ್ ಅಷ್ಟೇ, ಟ್ರಿಮ್ಮರ್ ತಿರುಗಿಸಿದರೆ ಮುಗಿಯಿತು. ಕಾಟ ಬೇರೆ ಕಡೆ ಇದೆ. ಸಪ್ಲೈ ಅಲುಗಿ ಟ್ರಾನ್ಸಿಸ್ಟರ್‌ನ ಫೇಸ್ (ಅಲೆ ಹಿಂದೆ ಮುಂದೆ ಆಗುವುದು) ಒಂದು ಡಿಗ್ರಿ ಸರಿದರೆ ಚೋಕ್ ಇದ್ದಾಗ 1,500 ಹರ್ಟ್ಸ್ ಜಾರುತ್ತದೆ, ಟೊರಾಯ್ಡ್ ಇದ್ದರೆ 400. ಇದು ಟ್ರಾನ್ಸಿಸ್ಟರ್‌ನ ಲೋಡ್ ಬಿಟ್ಟು ಹಾಕಿದ ಲೆಕ್ಕ. ನಂಬದವರ ಮುಂದೆಯೇ ಹೊಸ ಕಾಯಿಲ್ ಜೊತೆ ಸೀರೀಸ್‌ನಲ್ಲಿ 3.3 ಓಮ್ ರೆಸಿಸ್ಟರ್ ಹಾಕಿದೆ. ಥೇಟ್ ಚೋಕ್ ತರಹವೇ ಜಾರತೊಡಗಿತು. 10 ಓಮ್ ಹಾಕಿದಾಗ ಶುರುವೇ ಆಗಲಿಲ್ಲ. ಆಮೇಲೆ ಯಾರೂ ವಾದಕ್ಕೆ ಬರಲಿಲ್ಲ.

ಸುಮ್ನೆ ಕುತೂಹಲಕ್ಕೆ ಬೆಳ್ಳಿ ಲೇಪದ ತಂತಿಯನ್ನೂ ಸುತ್ತಿ ನೋಡಿದೆ. ಮೇಲ್ಮೈ ರೆಸಿಸ್ಟೆನ್ಸ್ ಶೇ. 3ರಷ್ಟು ಇಳಿಯಬೇಕು, ನನ್ನ ಸ್ಕೋಪ್‌ಗೆ ಅದು ಕಾಣಲೇ ಇಲ್ಲ. ಸಣ್ಣ ಎಳೆಗಳನ್ನು ಹೆಣೆದ ಲಿಟ್ಜ್ ತಂತಿ ಮೀಡಿಯಂ ವೇವ್‌ಗೆ ಚೆನ್ನ, 7 ಮೆಗಾಹರ್ಟ್ಸ್‌ನಲ್ಲಿ ದಂಡ. ಈಗ ಟ್ಯೂನಿಂಗ್‌ಗೆ ವ್ಯಾರಾಕ್ಟರ್ (ವೋಲ್ಟೇಜ್‌ಗೆ ತಕ್ಕಂತೆ ಕೆಪ್ಯಾಸಿಟನ್ಸ್ ಬದಲಿಸುವ ಡಯೋಡ್) ಹಾಕುತ್ತಿದ್ದೇನೆ. ಅದರ ಸೀರೀಸ್ ರೆಸಿಸ್ಟೆನ್ಸ್ ಕಡಿಮೆ ವೋಲ್ಟೇಜ್‌ನಲ್ಲಿ ಕ್ಯೂ ತಿನ್ನುತ್ತಿದೆ. 2 ವೋಲ್ಟ್‌ಗಿಂತ ಕೆಳಗೆ ಇಳಿಸುತ್ತಿಲ್ಲ.